ಹಳೇ ಹಾಲಿವುಡ್‌ನ ಆ ಹೊಳಪು ಎಲ್ಲಿಂದ ಬಂತು?

ಗ್ರೇಟಾ ಗಾರ್ಬೊ, ಮಾರ್ಲೀನ್ ಡೀಟ್ರಿಕ್, ಜೋನ್ ಕ್ರಾಫರ್ಡ್. ಹೆಸರು ಗೊತ್ತಿಲ್ಲದಿದ್ದರೂ ಇವರ ಕಪ್ಪು ಬಿಳುಪು ಫೋಟೊಗಳನ್ನು ನೀವು ಎಲ್ಲೋ ನೋಡಿಯೇ ಇರುತ್ತೀರಿ. ಅರ್ಧ ಮುಖ ನೆರಳಿನಲ್ಲಿ, ಕೆನ್ನೆಯ ಮೇಲೆ ಬೆಳಕು, ಕೂದಲಿನ ಅಂಚಿನಲ್ಲಿ ಬೆಳ್ಳಿ ಮಿಂಚು. ಇವತ್ತು ಈ ಫೋಟೊಗಳನ್ನು ಹುಡುಕಿ ಹುಡುಕಿ ಫೋನಿನಲ್ಲಿ ಇಟ್ಟುಕೊಳ್ಳುವವರಲ್ಲಿ ಹೆಚ್ಚಿನವರು 1930ರ ದಶಕದಲ್ಲಿ ಹುಟ್ಟಿರಲಿಲ್ಲ. ಅವರ ಅಪ್ಪ ಅಮ್ಮನೂ ಹುಟ್ಟಿರಲಿಲ್ಲ. ಆದರೂ ‘ಆ ಕಾಲದ ಗತ್ತೇ ಬೇರೆ’ ಎಂದು ನಿಟ್ಟುಸಿರು ಬಿಡುತ್ತಾರೆ. ಕಣ್ಣಾರೆ ಕಾಣದ ಕಾಲಕ್ಕೆ ಹೀಗೆ ಹಂಬಲಿಸುವುದು ವಿಚಿತ್ರ ಅಲ್ವಾ?

ನನಗೂ ಈ ಚಿತ್ರಗಳೆಂದರೆ ಪ್ರಾಣ. ಅದಕ್ಕೇ ಈ ಪ್ರಶ್ನೆಯನ್ನು ಸುಮ್ನೆ ಬಿಟ್ಟುಬಿಡಲು ಮನಸ್ಸಾಗಲಿಲ್ಲ. ಓದುತ್ತಾ ಹೋದ ಹಾಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಚಿತ್ರಗಳು ಎರಡು ಸಲ ಟಚಪ್ ಆಗಿವೆ. ಮೊದಲ ಸಲ ಸ್ಟುಡಿಯೊದಲ್ಲಿ, ಪೆನ್ಸಿಲ್ ಹಿಡಿದವರ ಕೈಯಲ್ಲಿ. ಎರಡನೇ ಸಲ ನಮ್ಮ ತಲೆಯೊಳಗೆ. ಎರಡೂ ಕಡೆ ನಡೆಯುವ ಕೆಲಸ ಒಂದೇ: ಬೇಡದ್ದನ್ನು ಅಳಿಸುವುದು. ಹೇಗೆ ಅಂತ ನೋಡೋಣ.

ಬೆಳಕಿನ ಕೆಲಸ

1929ರಲ್ಲಿ ನಾರ್ಮಾ ಶಿಯರರ್ ಎಂಬ ನಟಿಗೆ ಒಂದು ಪಾತ್ರ ಬೇಕಾಗಿತ್ತು. ದಿಟ್ಟ, ಮಾದಕ ಹೆಣ್ಣಿನ ಪಾತ್ರ. ಎಂಜಿಎಂ ಸ್ಟುಡಿಯೊದಲ್ಲಿ ಯಾವ ಚಿತ್ರ ಯಾರಿಗೆ ಎಂದು ನಿರ್ಧರಿಸುತ್ತಿದ್ದವರು ಇರ್ವಿಂಗ್ ಥಾಲ್ಬರ್ಗ್. ಅವರು ಶಿಯರರ್ ಅವರ ಗಂಡನೇ. ‘ಈ ಪಾತ್ರಕ್ಕೆ ನೀನು ಹೊಂದುವುದಿಲ್ಲ’ ಎಂಬುದು ಅವರ ಅಭಿಪ್ರಾಯವಾಗಿತ್ತು. ಶಿಯರರ್ ವಾದ ಮಾಡುತ್ತಾ ಕೂರಲಿಲ್ಲ. ಜಾರ್ಜ್ ಹರೆಲ್ ಎಂಬ ಯುವ ಫೋಟೊಗ್ರಾಫರ್ ಹತ್ತಿರ ಹೋದರು. ಹರೆಲ್ ಶಿಯರರ್ ಅವರನ್ನು ಬೇರೆಯೇ ಬೆಳಕಿನಲ್ಲಿ ನಿಲ್ಲಿಸಿ ಫೋಟೊ ತೆಗೆದರು. ಗಂಡ ನೋಡಿದರು, ಮನಸ್ಸು ಬದಲಾಯಿಸಿದರು. ಪಾತ್ರ ಸಿಕ್ಕಿತು. ಅದೇ ಪಾತ್ರಕ್ಕೆ ಶಿಯರರ್‌ಗೆ ಆಸ್ಕರ್ ಕೂಡ ಬಂತು. 1930ರಲ್ಲಿ ಹರೆಲ್ ಎಂಜಿಎಂ ಸೇರಿದರು. ಹಾಲಿವುಡ್ ಗ್ಲಾಮರ್ ಫೋಟೊ ಅಂದ ತಕ್ಷಣ ಕಣ್ಣಿಗೆ ಬರುವ ಶೈಲಿಯನ್ನು ಗಟ್ಟಿ ಮಾಡಿದವರಲ್ಲಿ ಅವರ ಹೆಸರು ಮೊದಲು ಬರುತ್ತದೆ.

ಅವರು ಮಾಡಿದ್ದಾದರೂ ಏನು? ಅದಕ್ಕೂ ಮುಂಚೆ ಫ್ಯಾಷನ್ ಆಗಿದ್ದದ್ದು ಮಂಜು ಮುಸುಕಿದಂಥ ಮೆತ್ತನೆ ಚಿತ್ರ. ಲೆನ್ಸಿನ ಮುಂದೆ ತೆಳುವಾದ ಜಾಲರಿ ಬಟ್ಟೆ ಕಟ್ಟಿ, ಎಲ್ಲವೂ ಸ್ವಲ್ಪ ಕಲಸಿದ ಹಾಗೆ ಕಾಣುವಂತೆ ಮಾಡುತ್ತಿದ್ದರು. ಹರೆಲ್ ಸ್ಪಾಟ್‌ಲೈಟ್ ತಂದರು. ಚಿಕ್ಕ ಮೂಲದಿಂದ ಬರುವ ಬೆಳಕು ಗಡುಸು. ಅದರ ನೆರಳಿನ ಅಂಚು ಚೂಪಾಗಿರುತ್ತದೆ. ಕೆನ್ನೆಯ ಮೂಳೆ, ದವಡೆಯ ಗೆರೆ, ಕಣ್ಣಿನ ಗುಳಿ, ಎಲ್ಲವೂ ಕೆತ್ತಿದಂತೆ ಎದ್ದು ಕಾಣುತ್ತದೆ. ಉದ್ದ ಕೋಲಿನ ತುದಿಗೆ ದೀಪ ಕಟ್ಟಿ ಅದನ್ನು ತಲೆಯ ಮೇಲಕ್ಕೆ ತರುವ ಬೂಮ್ ಲೈಟನ್ನೂ ಅವರು ಧಾರಾಳವಾಗಿ ಬಳಸಿದರು. ಕೂದಲಿನ ಮೇಲೆ ಕಾಣುವ ಆ ಬೆಳ್ಳಿ ಮಿಂಚು ಅಲ್ಲಿಂದ ಬಂದದ್ದು. ನೆರಳಿಗೆ ಹೆದರಿ ಎಲ್ಲ ಕಡೆ ದೀಪ ಹಚ್ಚುವವರಲ್ಲ ಅವರು. ನೆರಳು ಬಿದ್ದ ಕಡೆ ಹಾಗೇ ಬಿಟ್ಟರು.

ಆ ಕಾಲದ ಇನ್ನೊಂದು ಹೆಸರಾಂತ ಬೆಳಕು ಮಾರ್ಲೀನ್ ಡೀಟ್ರಿಕ್ ಅವರದ್ದು. ನಿರ್ದೇಶಕ ಜೋಸೆಫ್ ವಾನ್ ಸ್ಟರ್ನ್‌ಬರ್ಗ್ ಪ್ಯಾರಾಮೌಂಟ್ ಸ್ಟುಡಿಯೊದಲ್ಲಿ ಅವರಿಗೆಂದೇ ಕೂರಿಸಿದ ವ್ಯವಸ್ಥೆ ಇದು. ಮುಖ್ಯ ದೀಪ ಮುಖಕ್ಕೆ ನೇರ ಎದುರು, ಆದರೆ ಚೆನ್ನಾಗಿ ಎತ್ತರದಲ್ಲಿ. ಬೆಳಕು ಮೇಲಿನಿಂದ ಇಳಿದಾಗ ಮೂಗಿನ ಕೆಳಗೆ ಚಿಟ್ಟೆಯ ಆಕಾರದ ಪುಟ್ಟ ನೆರಳು ಬೀಳುತ್ತದೆ. ಕೆನ್ನೆಯ ಮೂಳೆಯ ಕೆಳಗೂ ನೆರಳು ಕೂರುತ್ತದೆ, ದುಂಡು ಮುಖ ತೆಳ್ಳಗೆ ಕಾಣುತ್ತದೆ. ರೆಪ್ಪೆಗಳ ನೆರಳು ಕೆನ್ನೆಯವರೆಗೆ ಚಾಚುತ್ತದೆ. ಇದಕ್ಕೆ ಫೋಟೊಗ್ರಾಫರ್‌ಗಳು ಇಂದಿಗೂ ಬಟರ್‌ಫ್ಲೈ ಲೈಟಿಂಗ್ ಅಂತಲೇ ಹೇಳುತ್ತಾರೆ, ಕೆಲವರು ಪ್ಯಾರಾಮೌಂಟ್ ಲೈಟಿಂಗ್ ಅನ್ನುತ್ತಾರೆ. ಇವರಿಬ್ಬರ ‘ಶಾಂಘೈ ಎಕ್ಸ್‌ಪ್ರೆಸ್’ ಚಿತ್ರಕ್ಕೆ ಛಾಯಾಗ್ರಹಣದ ಆಸ್ಕರ್ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಮುಂದಿನ ಸಲ ಇಂಥ ಫೋಟೊ ಕಣ್ಣಿಗೆ ಬಿದ್ದರೆ ಮೊದಲು ಮೂಗಿನ ನೆರಳು ನೋಡಿ. ಅದು ನೇರ ಕೆಳಗೆ ಇದ್ದರೆ ದೀಪ ಎದುರಿಗಿತ್ತು. ಒಂದು ಕೆನ್ನೆಯ ಕಡೆ ವಾಲಿದ್ದರೆ ದೀಪ ಇನ್ನೊಂದು ಕಡೆ ಇತ್ತು. ಆಮೇಲೆ ಕಣ್ಣಿನ ಪಾಪೆಯಲ್ಲಿ ಹೊಳೆಯುವ ಬಿಳಿ ಚುಕ್ಕೆ ನೋಡಿ. ದೀಪ ಎಷ್ಟು ಎತ್ತರದಲ್ಲಿತ್ತು ಅನ್ನುವುದನ್ನು ಆ ಚುಕ್ಕೆ ಹೇಳುತ್ತದೆ. ಹೀಗೆ ನೋಡುವುದು ಅಭ್ಯಾಸವಾದರೆ ಚಿತ್ರದ ಚೆಲುವು ಕಡಿಮೆಯಾಗುವುದಿಲ್ಲ. ಕೆಲಸಗಾರರ ಮೇಲೆ ಗೌರವ ಜಾಸ್ತಿ ಆಗುತ್ತದೆ.

ಕೆಂಪು ಕಾಣದ ಫಿಲ್ಮ್

ಬೆಳಕಿನಷ್ಟೇ ಮುಖ್ಯವಾದದ್ದು ಫಿಲ್ಮ್. ಮೂಕಿ ಚಿತ್ರಗಳ ಹೆಚ್ಚಿನ ಕಾಲ ಬಳಕೆಯಲ್ಲಿದ್ದದ್ದು ಆರ್ಥೊಕ್ರೊಮ್ಯಾಟಿಕ್ ಫಿಲ್ಮ್. ಅದಕ್ಕೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ. ಕೆಂಪು ತುಟಿ ಕಪ್ಪಾಗಿ ಬೀಳುತ್ತಿತ್ತು. ಮುಖದ ಮೇಲೆ ಚೂರು ಕೆಂಪಗಿದ್ದ ಜಾಗ ಕಲೆಯಂತೆ ಕಾಣುತ್ತಿತ್ತು. ನೀಲಿಯಾದರೆ ಉಲ್ಟಾ, ಬೆಳ್ಳಗೆ ಬೀಳುತ್ತಿತ್ತು. ನೀಲಿ ಕಣ್ಣಿನ ನಟರ ಪಾಪೆ ಬಣ್ಣವೇ ಇಲ್ಲದ ಹಾಗೆ ಕಾಣುತ್ತಿತ್ತು. ಮೂಕಿ ಚಿತ್ರಗಳಲ್ಲಿ ಮುಖಕ್ಕೆ ಅಷ್ಟು ದಪ್ಪಗೆ ಬಿಳಿ ಬಳಿದುಕೊಂಡಿರುವುದು ಯಾಕೆ ಎಂದು ಅನೇಕರಿಗೆ ಅನ್ನಿಸುತ್ತದೆ. ಅದಕ್ಕೆ ದೊಡ್ಡ ಕಾರಣ ಇದೇ.

1920ರ ದಶಕದ ಕೊನೆಯ ಹೊತ್ತಿಗೆ ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್ ಎಲ್ಲ ಕಡೆ ಬಂತು. ಇದಕ್ಕೆ ಎಲ್ಲ ಬಣ್ಣಗಳೂ ಕಾಣುತ್ತಿದ್ದವು, ಅಂದರೆ ಎಲ್ಲಕ್ಕೂ ಸರಿಯಾದ ಬೂದು ಛಾಯೆ ಸಿಗುತ್ತಿತ್ತು. ಹಳೆಯ ಮೇಕಪ್ ಇದಕ್ಕೆ ಹೊಂದಲಿಲ್ಲ. ಮ್ಯಾಕ್ಸ್ ಫ್ಯಾಕ್ಟರ್ ಎಂಬ ಮೇಕಪ್ ತಜ್ಞರು 1928ರಲ್ಲಿ ಈ ಫಿಲ್ಮಿಗೆ ಹೊಂದುವ ಹೊಸ ಬಣ್ಣಗಳನ್ನೇ ತಯಾರಿಸಿದರು. ಚರ್ಮಕ್ಕೆ ಆ ನಯವಾದ, ಒಳಗಿನಿಂದ ಬೆಳಗಿದಂಥ ಕಾಂತಿ ಬಂದದ್ದು ಫಿಲ್ಮ್, ದೀಪ, ಮೇಕಪ್ ಮೂರೂ ಒಂದಕ್ಕೊಂದು ಹೊಂದಿಕೊಂಡ ಮೇಲೆ.

ಬಟ್ಟೆಯ ವಿಷಯವೂ ಹೀಗೇ. ಬಣ್ಣ ಕಾಣದ ಪರದೆಯ ಮೇಲೆ ಕೆಂಪು ಗೌನಾದರೇನು, ಹಸಿರು ಗೌನಾದರೇನು? ಕಾಣುವುದು ಹೊಳಪು ಮತ್ತು ಮಡಿಕೆ ಮಾತ್ರ. ಎಂಜಿಎಂನ ವಸ್ತ್ರ ವಿನ್ಯಾಸಕ ಏಡ್ರಿಯನ್ ಅವರು ನಟಿ ಜೀನ್ ಹಾರ್ಲೊ ಅವರಿಗೆ ಬಿಳಿ ಸ್ಯಾಟಿನ್ ಗೌನುಗಳನ್ನು ಹೊಲಿಸಿದ್ದರ ಹಿಂದೆ ಈ ಲೆಕ್ಕ ಇತ್ತು. ಸ್ಯಾಟಿನ್ ಮೇಲೆ ಬಿದ್ದ ಬೆಳಕು ನೀರಿನ ಮೇಲೆ ಬಿದ್ದಂತೆ ಜಾರುತ್ತದೆ. ಬ್ಲೀಚ್ ಮಾಡಿದ ಹಾರ್ಲೊ ಅವರ ಕೂದಲು, ಆ ಗೌನು, ಮೇಲಿನಿಂದ ಒಂದು ದೀಪ. ಇಷ್ಟು ಸೇರಿದರೆ ಪರದೆ ತಾನಾಗಿ ಬೆಳಗುತ್ತಿತ್ತು.

ಬಣ್ಣದ ಚಿತ್ರ ಬಂದಾಗ ಲೆಕ್ಕ ಪೂರ್ತಿ ಬದಲಾಯಿತು. ಮೂರು ಪಟ್ಟಿಯ ಟೆಕ್ನಿಕಲರ್ ವಿಧಾನದಲ್ಲಿ ಪೂರ್ತಿ ಉದ್ದದ ಮೊದಲ ಕಥಾಚಿತ್ರ ಬಂದದ್ದು 1935ರಲ್ಲಿ. ಕ್ಯಾಮೆರಾದ ಒಳಗೆ ಒಂದು ಗಾಜಿನ ಪ್ರಿಸಂ ಬೆಳಕನ್ನು ಒಡೆದು ಮೂರು ನೆಗೆಟಿವ್‌ಗಳಿಗೆ ಹಂಚುತ್ತಿತ್ತು. ಹೀಗೆ ಹಂಚಿಹೋಗುವ ಬೆಳಕಿಗೆ ದೀಪಗಳು ವಿಪರೀತ ಬೇಕಾಗುತ್ತಿದ್ದವು, ಸೆಟ್ಟು ಕಾದು ಹೋಗುತ್ತಿತ್ತು. 1939ರ ‘ದಿ ವಿಜರ್ಡ್ ಆಫ್ ಓಜ್’ ಚಿತ್ರದಲ್ಲಿ ಹುಡುಗಿ ಡೊರೊಥಿ ತೊಡುವ ಕೆಂಪು ಮಾಣಿಕ್ಯದ ಚಪ್ಪಲಿಗಳು ಮೂಲ ಕಾದಂಬರಿಯಲ್ಲಿ ಬೆಳ್ಳಿಯವು. ಹಳದಿ ರಸ್ತೆಯ ಮೇಲೆ ಟೆಕ್ನಿಕಲರ್‌ನಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆ ಎಂದು ಬದಲಾಯಿಸಿದರು. ಈ ಚಪ್ಪಲಿಗಳ ಕತೆ ಇನ್ನೂ ಇದೆ, ಆಮೇಲೆ ಹೇಳುತ್ತೇನೆ.

ಪೆನ್ಸಿಲ್ ಹಿಡಿದವರು

ಗಡುಸು ಬೆಳಕಿಗೆ ಒಂದು ತೊಂದರೆ ಇದೆ. ಅದು ಮೂಳೆಯನ್ನು ಎತ್ತಿ ತೋರಿಸಿದಷ್ಟೇ ಸುಕ್ಕು, ರಂಧ್ರ, ಮಚ್ಚೆಗಳನ್ನೂ ಎತ್ತಿ ತೋರಿಸುತ್ತದೆ. ಹಾಗಾಗಿ ಈ ಶೈಲಿ ನಿಂತದ್ದೇ ಟಚಪ್ ಮಾಡುವವರ ಮೇಲೆ. ಸ್ಟುಡಿಯೊ ಫೋಟೊಗ್ರಾಫರ್‌ಗಳು ಬಳಸುತ್ತಿದ್ದದ್ದು 8 ಅಂಗುಲ ಅಗಲ, 10 ಅಂಗುಲ ಉದ್ದದ ನೆಗೆಟಿವ್. ಒಂದು ಸಲಕ್ಕೆ ಒಂದೇ ಹಾಳೆ. ಫೋಟೊಗ್ರಾಫರ್ ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ ಗಾಜಿನ ಮೇಲೆ ತಲೆಕೆಳಗಾಗಿ ಕಾಣುವ ಮುಖವನ್ನು ಫೋಕಸ್ ಮಾಡಬೇಕು. ತಾರೆ ಅಲುಗಾಡದೆ ಕೂರಬೇಕು. ನೆಗೆಟಿವ್ ಅಷ್ಟು ದೊಡ್ಡದಿದ್ದರೆ ಒಂದು ಅನುಕೂಲ ಇತ್ತು. ಅದನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟು, ಚೂಪು ಮಾಡಿದ ಪೆನ್ಸಿಲ್ಲಿನಿಂದ ನೇರವಾಗಿ ಅದರ ಮೇಲೇ ಕೆಲಸ ಮಾಡಬಹುದಿತ್ತು. ನೆಗೆಟಿವ್‌ನಲ್ಲಿ ಕಪ್ಪು ಬಿಳುಪು ಉಲ್ಟಾ, ಹಾಗಾಗಿ ಸುಕ್ಕು ತೆಳು ಗೆರೆಯಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ಆಡಿಸಿ ದಟ್ಟ ಮಾಡಿದರೆ ಪ್ರಿಂಟಿನಲ್ಲಿ ಆ ಜಾಗ ಬೆಳ್ಳಗಾಗಿ ಸುಕ್ಕು ಮಾಯ.

ಹರೆಲ್ 1930ರ ದಶಕದ ಆರಂಭದಲ್ಲಿ ತೆಗೆದ ಜೋನ್ ಕ್ರಾಫರ್ಡ್ ಅವರ ಒಂದು ಚಿತ್ರ ಟಚಪ್‌ಗೆ ಮೊದಲು ಮತ್ತು ನಂತರ, ಎರಡೂ ರೂಪದಲ್ಲಿ ಉಳಿದಿದೆ. ಹುಡುಕಿ ನೋಡಿ, ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಮೊದಲಿನದರಲ್ಲಿ ಮುಖದ ತುಂಬ ಕಂದು ಚುಕ್ಕೆಗಳು, ಕಣ್ಣಿನ ಕೆಳಗೆ ಗೆರೆಗಳು, ಹಣೆಯಲ್ಲಿ ಸಣ್ಣ ಮಡಿಕೆ. ಎರಡನೆಯದರಲ್ಲಿ ಅದೇ ಮುಖ, ಅದೇ ನೋಟ, ಆದರೆ ಚರ್ಮ ಅಮೃತಶಿಲೆ. ಒಂದು ಚುಕ್ಕೆಯೂ ಇಲ್ಲ. ನನಗಂತೂ ಚುಕ್ಕೆಗಳಿರುವ ಕ್ರಾಫರ್ಡ್ ಹೆಚ್ಚು ಇಷ್ಟ. ಆದರೆ ಜಗತ್ತು ಪ್ರೀತಿಸಿದ್ದು ಎರಡನೆಯವರನ್ನು. ‘ಈಗಿನವರದ್ದೆಲ್ಲ ಫಿಲ್ಟರ್, ಆಗಿನವರದ್ದು ನಿಜವಾದ ಸೌಂದರ್ಯ’ ಎಂದು ಹೇಳುವವರಿಗೆ ಈ ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಬೇಕು.

ಅಳಿಸಿದ್ದು ಚುಕ್ಕೆಗಳನ್ನು ಮಾತ್ರ ಆಗಿದ್ದರೆ ಚೆನ್ನಾಗಿತ್ತು. ಕ್ರಾಫರ್ಡ್ ಹುಟ್ಟಿದಾಗ ಇದ್ದ ಹೆಸರು ಲೂಸಿಲ್ ಲಸೂರ್. ಆ ಹೆಸರು ಸ್ಟುಡಿಯೊಗೆ ಹಿಡಿಸಲಿಲ್ಲ. 1925ರಲ್ಲಿ ಪತ್ರಿಕೆಯೊಂದರ ಮೂಲಕ ಸ್ಪರ್ಧೆ ನಡೆಸಿ ಓದುಗರಿಂದಲೇ ಹೊಸ ಹೆಸರು ಇಡಿಸಿದರು. ಸ್ಪೇನ್ ಮೂಲದ ತಂದೆಯ ಮಗಳು ಮಾರ್ಗರಿಟಾ ಕ್ಯಾನ್ಸಿನೊ ರೀಟಾ ಹೇವರ್ತ್ ಆದರು. ಅವರ ಕೂದಲಿಗೆ ಬೇರೆ ಬಣ್ಣ ಬಂತು. ಹಣೆ ಅಗಲವಾಗಿ ಕಾಣಲೆಂದು ಮುಂದಲೆಯ ಕೂದಲನ್ನು ಬೇರಿನಿಂದಲೇ ತೆಗೆಯುವ ನೋವಿನ ಚಿಕಿತ್ಸೆ ಮಾಡಿಸಿದರು. ಕಲಾವಿದರನ್ನು ಸ್ಟುಡಿಯೊಗಳು ಏಳು ವರ್ಷದ ಕರಾರಿನಲ್ಲಿ ಕಟ್ಟಿಹಾಕುತ್ತಿದ್ದವು. ಕೊಟ್ಟ ಪಾತ್ರ ಬೇಡ ಎಂದರೆ ಸಸ್ಪೆಂಡ್ ಮಾಡಿ, ಆ ದಿನಗಳನ್ನು ಕರಾರಿನ ಕೊನೆಗೆ ಸೇರಿಸುತ್ತಿದ್ದರು. ನಟಿ ಒಲಿವಿಯಾ ಡಿ ಹ್ಯಾವಿಲೆಂಡ್ ಕೋರ್ಟಿಗೆ ಹೋಗಿ 1944ರಲ್ಲಿ ಗೆದ್ದ ಮೇಲೆಯೇ ಈ ಪದ್ಧತಿಗೆ ತಡೆ ಬಿದ್ದದ್ದು.

ಇನ್ನು ಕೆಲವರಿಗೆ ಆ ಬೆಳಕಿನ ಕೆಳಗೆ ಜಾಗವೇ ಸಿಗಲಿಲ್ಲ. ಚೀನೀ ಮೂಲದ ಅಮೆರಿಕನ್ ನಟಿ ಅನ್ನಾ ಮೇ ವಾಂಗ್ ಅಷ್ಟು ಹೆಸರು ಮಾಡಿದ್ದರೂ, 1937ರಲ್ಲಿ ತೆರೆಕಂಡ ‘ದಿ ಗುಡ್ ಅರ್ಥ್’ ಚಿತ್ರದಲ್ಲಿ ಚೀನೀ ನಾಯಕಿಯ ಪಾತ್ರ ಹೋದದ್ದು ಯುರೋಪಿನಿಂದ ಬಂದ ಬಿಳಿ ನಟಿಗೆ. 1940ರಲ್ಲಿ ಹ್ಯಾಟಿ ಮ್ಯಾಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆಯಾದರು. ಆ ರಾತ್ರಿ ಅವರನ್ನು ಸಹನಟರ ಜೊತೆ ಕೂರಿಸಲಿಲ್ಲ. ಗೋಡೆ ಬದಿಯ ಬೇರೆ ಮೇಜು ಕೊಟ್ಟರು. ಹಳೇ ಹಾಲಿವುಡ್ ಬಗ್ಗೆ ಪ್ರೀತಿಯಿಂದ ಬರೆಯುವವರು ಈ ಮೇಜಿನ ಬಗ್ಗೆಯೂ ಬರೆಯಲೇಬೇಕು ಎಂದು ನನ್ನ ನಂಬಿಕೆ. ಯಾಕೆಂದರೆ ಫೋಟೊದಲ್ಲಿ ಅದು ಕಾಣುವುದಿಲ್ಲ.

ಕಾಲ ಉಳಿಸಿದ್ದು, ಕಾಲ ಕೆಡಿಸಿದ್ದು

ಸ್ಟುಡಿಯೊ ಬಿಟ್ಟ ಮೇಲೆ ಈ ಚಿತ್ರಗಳು ಕಾಲದ ಕೈಗೆ ಸಿಕ್ಕವು. 1950ರ ದಶಕದ ಆರಂಭದವರೆಗೆ ಸಿನಿಮಾ ಫಿಲ್ಮ್ ತಯಾರಾಗುತ್ತಿದ್ದದ್ದು ನೈಟ್ರೇಟ್‌ನಿಂದ. ಅದಕ್ಕೆ ಬೆಂಕಿ ತಗುಲಿದರೆ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. 1937ರಲ್ಲಿ ನ್ಯೂಜೆರ್ಸಿಯ ಲಿಟಲ್ ಫೆರಿಯಲ್ಲಿದ್ದ ಫಾಕ್ಸ್ ಕಂಪನಿಯ ಗೋದಾಮು ಸುಟ್ಟು, ಅವರ ಮೂಕಿ ಚಿತ್ರಗಳಲ್ಲಿ ಬಹುಪಾಲು ಬೂದಿಯಾದವು. ಎಷ್ಟೋ ಚಿತ್ರಗಳನ್ನು ಕಂಪನಿಗಳೇ ನಾಶ ಮಾಡಿದವು. ಇಟ್ಟುಕೊಳ್ಳಲು ಜಾಗದ ಖರ್ಚು, ಕರಗಿಸಿದರೆ ಬೆಳ್ಳಿ ಸಿಗುತ್ತದೆ ಎಂಬ ಆಸೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 1912ರಿಂದ 1929ರವರೆಗೆ ಬಂದ ಸುಮಾರು 11,000 ಅಮೆರಿಕನ್ ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲೇ ಉಳಿದಿರುವುದು ಶೇ. 14 ಮಾತ್ರ.

ಬೆಂಕಿ ಒಳ್ಳೆಯದು ಕೆಟ್ಟದ್ದು ಎಂದು ಆರಿಸುವುದಿಲ್ಲ, ಅದು ನಿಜ. ಆದರೆ ಉಳಿದದ್ದರಲ್ಲಿ ಯಾವುದನ್ನು ರಿಪೇರಿ ಮಾಡಬೇಕು, ಯಾವುದನ್ನು ಮತ್ತೆ ಬಿಡುಗಡೆ ಮಾಡಬೇಕು, ಯಾವ ಫೋಟೊವನ್ನು ಪೋಸ್ಟರ್ ಮಾಡಬೇಕು ಎಂದು ಆರಿಸುವವರು ಮನುಷ್ಯರು. ಅವರು ಚೆಲುವಾದದ್ದನ್ನೇ ಆರಿಸುತ್ತಾರೆ. ಸ್ಟುಡಿಯೊಗಳು ಪ್ರತಿ ವಾರ ತರಾತುರಿಯಲ್ಲಿ ಮುಗಿಸಿ ಬಿಟ್ಟ ಸಪ್ಪೆ ಚಿತ್ರಗಳು ಲೆಕ್ಕವಿಲ್ಲದಷ್ಟು. ಅವುಗಳನ್ನು ಇವತ್ತು ಯಾರೂ ನೋಡುವುದಿಲ್ಲ. ಆ ಕಾಲದ ಅತ್ಯುತ್ತಮವಾದದ್ದನ್ನು ಈ ವಾರದ ಸಾಧಾರಣ ಚಿತ್ರದ ಪಕ್ಕ ಇಟ್ಟು ‘ಈಗ ಏನೂ ಸರಿಯಿಲ್ಲ’ ಅನ್ನುವುದು ನ್ಯಾಯವಲ್ಲ.

ಇನ್ನೊಂದು ಸ್ವಾರಸ್ಯ ಬಣ್ಣದ್ದು. ‘ರೆಟ್ರೊ ಲುಕ್’ ಎಂದರೆ ಈಗ ಎಲ್ಲರಿಗೂ ಗೊತ್ತು: ಮಾಸಲು ಕೆಂಪು, ಹಳದಿ ಛಾಯೆ, ಕಪ್ಪು ಕೂಡ ಪೂರ್ತಿ ಕಪ್ಪಲ್ಲ. ಇನ್‌ಸ್ಟಾಗ್ರಾಂ 2010ರಲ್ಲಿ ಬಂದಾಗ ಅದರಲ್ಲಿ ‘1977’ ಎಂಬ ಹೆಸರಿನ ಫಿಲ್ಟರೇ ಇತ್ತು. ಆದರೆ 1977ರಲ್ಲಿ ಬದುಕಿದವರಿಗೆ ಜಗತ್ತು ಆ ಬಣ್ಣದಲ್ಲಿ ಕಾಣುತ್ತಿರಲಿಲ್ಲ. ಆಗ ತಾನೇ ತೊಳೆಸಿ ತಂದ ಫೋಟೊ ಕೂಡ ಹಾಗಿರಲಿಲ್ಲ. ಕೊಡಾಕ್ 1950ರಲ್ಲಿ ತಂದ ಈಸ್ಟ್‌ಮನ್‌ಕಲರ್ ಫಿಲ್ಮಿನಲ್ಲಿ ಬಣ್ಣ ಮೂರು ಪದರಗಳಲ್ಲಿ ಇರುತ್ತಿತ್ತು. ಹಳೆಯ ಪ್ರಿಂಟ್‌ಗಳಲ್ಲಿ ನೀಲಿ ಹಸಿರಿನ ಪದರ ಬೇಗ ಮಾಸಿತು. ಉಳಿದದ್ದು ಗುಲಾಬಿ. ನಿರ್ದೇಶಕ ಮಾರ್ಟಿನ್ ಸ್ಕೊರ್ಸೆಸಿ 1980ರ ಸುಮಾರಿಗೆ ಇದರ ವಿರುದ್ಧ ದೊಡ್ಡ ದನಿಯೆತ್ತಿ, ಬಾಳಿಕೆ ಬರುವ ಫಿಲ್ಮ್ ಕೊಡಿ ಎಂದು ಕೊಡಾಕ್ ಮೇಲೆ ಒತ್ತಡ ತಂದರು. ಟೆಕ್ನಿಕಲರ್‌ನ ಹಳೆಯ ಪ್ರಿಂಟ್‌ಗಳಲ್ಲಿ ಬಣ್ಣವನ್ನು ಅಚ್ಚಿನಂತೆ ಒತ್ತುತ್ತಿದ್ದರು, ಅವು ಇಂದಿಗೂ ಗಾಢವಾಗಿವೆ. ಅಂದರೆ ನಾವು ‘ಹಳೆಯ ಕಾಲದ ಬಣ್ಣ’ ಎಂದು ಪ್ರೀತಿಸುತ್ತಿರುವುದು ಕೆಟ್ಟುಹೋದ ಬಣ್ಣವನ್ನು. ನಿಜವಾದ 1950ರ ಟೆಕ್ನಿಕಲರ್ ಪ್ರಿಂಟ್ ನೋಡಿದವರು ಅದರ ಕೆಂಪು ಮರೆಯುವುದಿಲ್ಲ.

ತಲೆಯೊಳಗಿನ ಟಚಪ್

ಈಗ ಎರಡನೆಯ ಟಚಪ್‌ಗೆ ಬರೋಣ. ಹಿಂದಿನ ದಿನಗಳಿಗೆ ಹಂಬಲಿಸುವುದಕ್ಕೆ ನಾಸ್ಟಾಲ್ಜಿಯಾ ಎನ್ನುತ್ತಾರೆ. ಆ ಪದ ಹುಟ್ಟಿದ್ದೇ ಕಾಯಿಲೆಯ ಹೆಸರಾಗಿ. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಯೋಹಾನೆಸ್ ಹೋಫರ್ ಊರು ಬಿಟ್ಟು ದೂರ ಇದ್ದವರ ಕೊರಗನ್ನು ಈ ಹೆಸರಿನಲ್ಲಿ ವಿವರಿಸಿದರು. ಪರದೇಶದಲ್ಲಿ ದುಡಿಯುತ್ತಿದ್ದ ಸ್ವಿಸ್ ಸೈನಿಕರಿಗೆ ಬರುವ ಕಾಯಿಲೆ ಎಂದೇ ಬಹಳ ಕಾಲ ಅದು ಹೆಸರಾಗಿತ್ತು. ಈಗಿನ ಮನಶ್ಶಾಸ್ತ್ರಜ್ಞರು ಹಾಗೆ ನೋಡುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಕಾನ್‌ಸ್ಟಂಟೈನ್ ಸೆಡಿಕಿಡೀಸ್ ಮತ್ತು ಟಿಮ್ ವಿಲ್ಡ್‌ಶುಟ್ ಅವರ ತಂಡ 2006ರಿಂದ ಪ್ರಕಟಿಸಿದ ಅಧ್ಯಯನಗಳು ಬೇರೆ ಚಿತ್ರ ಕೊಡುತ್ತವೆ. ಮನಸ್ಸು ಕುಗ್ಗಿದಾಗ, ಒಂಟಿ ಅನ್ನಿಸಿದಾಗ ಈ ಹಂಬಲ ಎದ್ದು ಬರುತ್ತದೆ. ಬಂದ ಮೇಲೆ ಮನಸ್ಸಿಗೆ ಆಸರೆ ಕೊಡುತ್ತದೆ, ‘ನನಗೂ ಜನ ಇದ್ದಾರೆ’ ಎಂಬ ಭಾವ ಮೂಡಿಸುತ್ತದೆ.

ಯಾವ ಕಾಲದ ನೆನಪು ಜಾಸ್ತಿ ಕಾಡುತ್ತದೆ ಎಂಬುದಕ್ಕೂ ಒಂದು ಕ್ರಮ ಇದೆ. ವಯಸ್ಸಾದವರನ್ನು ಬದುಕಿನ ನೆನಪು ಕೇಳಿದರೆ ಹತ್ತರಿಂದ ಮೂವತ್ತು ವರ್ಷದ ನಡುವಿನ ಘಟನೆಗಳೇ ಹೆಚ್ಚಾಗಿ ಬರುತ್ತವೆ. ಮೊದಲ ಪ್ರೀತಿ, ಮೊದಲ ಕೆಲಸ, ಎಲ್ಲ ‘ಮೊದಲು’ಗಳು ಅಲ್ಲೇ ಅಲ್ವಾ? ಮಾರಿಸ್ ಹೋಲ್‌ಬ್ರುಕ್ ಮತ್ತು ರಾಬರ್ಟ್ ಶಿಂಡ್ಲರ್ 1989ರಲ್ಲಿ ಹಾಡುಗಳ ಮೇಲೆ ಅಧ್ಯಯನ ಮಾಡಿದಾಗ, ತಮಗೆ ಸುಮಾರು 24 ವರ್ಷ ಇದ್ದಾಗ ಬಂದ ಹಾಡುಗಳನ್ನು ಜನ ಹೆಚ್ಚು ಇಷ್ಟಪಡುವುದು ಕಂಡುಬಂತು.

ಇದೆಲ್ಲ ಸ್ವಂತ ನೆನಪಿನ ಮಾತಾಯಿತು. ಕಾಣದ ಕಾಲದ ಹಂಬಲಕ್ಕೆ ಏನು ಕಾರಣ? ಒಂದು ದಾರಿ ಮನೆಯದ್ದು. ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹ್ಯಾನ್ಸಲ್ 2013ರಲ್ಲಿ ಸಹಲೇಖಕರೊಬ್ಬರ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ಇಪ್ಪತ್ತರ ಆಸುಪಾಸಿನ ಹುಡುಗ ಹುಡುಗಿಯರು ತಮ್ಮ ಕಾಲದ ಹಾಡುಗಳ ಜೊತೆಗೆ, ತಂದೆ ತಾಯಿ ಯುವಕರಾಗಿದ್ದಾಗಿನ ಹಾಡುಗಳಿಗೂ ಬಲವಾಗಿ ಸ್ಪಂದಿಸಿದರು. ಅಜ್ಜ ಅಜ್ಜಿಯ ಕಾಲದ್ದಕ್ಕೂ ಒಂದು ಚಿಕ್ಕ ಏರಿಕೆ ಕಂಡಿತು. ಮನೆಯಲ್ಲಿ ಕೇಳುತ್ತಾ ಬೆಳೆದದ್ದು ಸ್ವಂತ ನೆನಪಿನಂತೆಯೇ ಬೇರು ಬಿಡುತ್ತದೆ.

ಇನ್ನೊಂದು ದಾರಿ ಟಿವಿ ಮತ್ತು ಚಿತ್ರಮಂದಿರ. 1950ರ ದಶಕದಲ್ಲಿ ಸ್ಟುಡಿಯೊಗಳು ತಮ್ಮ ಹಳೆಯ ಚಿತ್ರಗಳನ್ನು ಟಿವಿಗೆ ಮಾರಿದವು. ಒಂದು ಪೀಳಿಗೆಯ ಮಕ್ಕಳು ರಾತ್ರಿ ಆ ಚಿತ್ರಗಳನ್ನು ನೋಡುತ್ತಾ ಬೆಳೆದರು. ನಟ ಹಂಫ್ರಿ ಬೊಗಾರ್ಟ್ 1957ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಬ್ರ್ಯಾಟಲ್ ಥಿಯೇಟರ್ ಅವರ ‘ಕಾಸಾಬ್ಲಾಂಕಾ’ ಚಿತ್ರ ಹಾಕಿತು. ಹಾರ್ವರ್ಡ್‌ನ ವಿದ್ಯಾರ್ಥಿಗಳು ಪರೀಕ್ಷೆಯ ದಿನಗಳಲ್ಲಿ ಮತ್ತೆ ಮತ್ತೆ ಬಂದು, ಪಾತ್ರಗಳ ಜೊತೆ ತಾವೂ ಡೈಲಾಗ್ ಹೇಳುತ್ತಿದ್ದರು. 1942ರಲ್ಲಿ ತಯಾರಾದ ಚಿತ್ರ ಅದು. ಅದು ಬಂದಾಗ ಈ ಹುಡುಗರು ಇನ್ನೂ ಚಿಕ್ಕ ಮಕ್ಕಳು.

ನನ್ನ ಪ್ರಕಾರ ಮೂರನೆಯ ಕಾರಣವೇ ಎಲ್ಲಕ್ಕಿಂತ ದೊಡ್ಡದು. ಬದುಕಿದ ಕಾಲದ ಬಗ್ಗೆ ನಮಗೆ ಬೇಸರವೂ ಗೊತ್ತಿರುತ್ತದೆ. ಹಲ್ಲುನೋವು, ಸಾಲ, ಜಗಳ, ಕಾಯುವ ಸಾಲು ಎಲ್ಲ ನೆನಪಿರುತ್ತದೆ. ಬದುಕದ ಕಾಲದ ಬಗ್ಗೆ ಅವು ಯಾವುವೂ ಗೊತ್ತಿಲ್ಲ. 1930ರ ದಶಕ ಅಮೆರಿಕಕ್ಕೆ ಮಹಾ ಆರ್ಥಿಕ ಕುಸಿತದ ಕಾಲ. 1933ರಲ್ಲಿ ಅಲ್ಲಿ ಪ್ರತಿ ನಾಲ್ಕು ಕೆಲಸಗಾರರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಹಾರ್ಲೊ ಅವರ ಸ್ಯಾಟಿನ್ ಗೌನು ನೋಡಲು ಟಿಕೆಟ್ ಕೊಂಡವರಲ್ಲಿ ಇಂಥವರೂ ಇದ್ದರು. ಆ ಹೊಳಪು ಅವರಿಗೂ ಕನಸೇ ಆಗಿತ್ತು. ಯಾರ ಬದುಕೂ ಹಾಗಿರಲಿಲ್ಲ, ತಾರೆಯರದ್ದೂ ಇರಲಿಲ್ಲ. ಗ್ಲಾಮರ್ ಬಗ್ಗೆ ಬರೆದಿರುವ ವರ್ಜೀನಿಯಾ ಪೋಸ್ಟ್ರೆಲ್, ಗ್ಲಾಮರ್‌ಗೆ ಅರ್ಧ ಮುಚ್ಚಿದ ಗುಟ್ಟು ಬೇಕು, ಶ್ರಮ ಕಾಣಬಾರದು ಎನ್ನುತ್ತಾರೆ. ಹಂಬಲಕ್ಕೂ ಬೇಕಾದದ್ದು ಅದೇ. ಪೆನ್ಸಿಲ್ಲಿನವರು ಚುಕ್ಕೆ ಅಳಿಸಿದರು, ನಾವು ನಿರುದ್ಯೋಗದ ಸಾಲನ್ನು ಅಳಿಸಿದೆವು.

ಹಳೆಯದು ಯಾವಾಗ ಚೆಂದ ಆಗುತ್ತದೆ?

ಎಲ್ಲ ಹಳೆಯದೂ ಒಂದೇ ಸಲ ಇಷ್ಟವಾಗುವುದಿಲ್ಲ. ಉಡುಪಿನ ಇತಿಹಾಸಕಾರ ಜೇಮ್ಸ್ ಲೇವರ್ 1937ರಲ್ಲೇ ಇದಕ್ಕೊಂದು ಲೆಕ್ಕ ಬರೆದಿಟ್ಟರು. ಫ್ಯಾಷನ್ ಮುಗಿದು ಒಂದು ವರ್ಷಕ್ಕೆ ಆ ಉಡುಪು ಕಳೆಗುಂದುತ್ತದೆ. 10 ವರ್ಷಕ್ಕೆ ಅಸಹ್ಯ. 20ಕ್ಕೆ ನಗೆಪಾಟಲು. 30ಕ್ಕೆ ತಮಾಷೆ. 50ಕ್ಕೆ ಅಪರೂಪ, 70ಕ್ಕೆ ಮೋಹಕ, 100ಕ್ಕೆ ರಮ್ಯ, 150ಕ್ಕೆ ಸುಂದರ. ಈಗ ಎಲ್ಲವೂ ಇದಕ್ಕಿಂತ ಬೇಗ ತಿರುಗುತ್ತಿದೆ, ಆದರೂ ಕ್ರಮ ಹೆಚ್ಚುಕಡಿಮೆ ಸರಿಯೇ. ಹತ್ತು ವರ್ಷದ ಹಿಂದಿನ ನಿಮ್ಮದೇ ಫೋಟೊ ನೋಡಿಕೊಳ್ಳಿ, ಗೊತ್ತಾಗುತ್ತದೆ.

ನಾವು ‘ಫಿಫ್ಟೀಸ್ ಸ್ಟೈಲ್’ ಎನ್ನುವ ಸಣ್ಣ ಸೊಂಟ, ದೊಡ್ಡ ಘೇರಿನ ಸ್ಕರ್ಟ್ ನೋಡಿ. 1947ರ ಫೆಬ್ರವರಿ 12ರಂದು ವಸ್ತ್ರ ವಿನ್ಯಾಸಕ ಕ್ರಿಶ್ಚಿಯನ್ ಡಿಯೋರ್ ಪ್ಯಾರಿಸ್‌ನಲ್ಲಿ ಅದನ್ನು ತೋರಿಸಿದಾಗ ‘ನ್ಯೂ ಲುಕ್’ ಎಂಬ ಹೆಸರು ಬಂತು. ಹೊಸದೇನಲ್ಲ ಅದು. ಯುದ್ಧಕಾಲದ ಬಟ್ಟೆಯ ರೇಷನ್ನಿನಿಂದ ಬೇಸತ್ತವರಿಗೆ ಡಿಯೋರ್ ಹತ್ತೊಂಬತ್ತನೇ ಶತಮಾನದ ಹೆಂಗಸರ ಆಕಾರವನ್ನೇ ಮರಳಿ ಕೊಟ್ಟಿದ್ದರು. ಹಾಗಾಗಿ ಇವತ್ತು ಆ ಸ್ಕರ್ಟ್ ಉಟ್ಟು ರೆಟ್ರೊ ಎನ್ನುವವರು ಹಂಬಲಿಸುತ್ತಿರುವುದು ಇನ್ನೊಬ್ಬರ ಹಂಬಲಕ್ಕೆ.

ಆ ಕೆಂಪು ಚಪ್ಪಲಿಗಳ ಕತೆಗೆ ಈಗ ಬರುತ್ತೇನೆ. 1970ರಲ್ಲಿ ಎಂಜಿಎಂ ದುಡ್ಡಿನ ಮುಗ್ಗಟ್ಟಿನಲ್ಲಿತ್ತು. ದಶಕಗಳಿಂದ ಕೂಡಿಟ್ಟ ಉಡುಪು, ಸಾಮಾನು ಎಲ್ಲವನ್ನೂ ಹರಾಜಿಗೆ ಹೋಗಲು ಬಿಟ್ಟಿತು. ಅಲ್ಲಿ ಒಂದು ಜೊತೆ ಮಾಣಿಕ್ಯದ ಚಪ್ಪಲಿ 15,000 ಡಾಲರಿಗೆ ಹೋಯಿತು. ಆಗ ಅದೇ ದೊಡ್ಡ ಸುದ್ದಿ. ಚಿತ್ರೀಕರಣಕ್ಕೆ ಮಾಡಿಸಿದ್ದು ಹಲವು ಜೊತೆ. ಅವುಗಳಲ್ಲಿ ಇನ್ನೊಂದು ಜೊತೆ 2005ರಲ್ಲಿ ಮಿನ್ನೆಸೋಟದ ಮ್ಯೂಸಿಯಂನಿಂದ ಕಳುವಾಗಿ, 2018ರಲ್ಲಿ ಸಿಕ್ಕಿ, 2024ರ ಡಿಸೆಂಬರಿನಲ್ಲಿ ಹರಾಜಿಗೆ ಬಂತು. ಶುಲ್ಕ ಸೇರಿ 3 ಕೋಟಿ 25 ಲಕ್ಷ ಡಾಲರ್! ನಡುವೆ ಆದದ್ದೇನು? ಆ ಚಿತ್ರ 1956ರಲ್ಲಿ ಮೊದಲ ಸಲ ಅಮೆರಿಕದ ಟಿವಿಯಲ್ಲಿ ಬಂತು. 1959ರಿಂದ ವರ್ಷಕ್ಕೊಮ್ಮೆ ಬರತೊಡಗಿತು. ಅದನ್ನು ಮನೆಮಂದಿಯ ಜೊತೆ ಕೂತು ನೋಡಿದ ಮಕ್ಕಳು ದೊಡ್ಡವರಾದರು, ಕೆಲವರ ಕೈಯಲ್ಲಿ ದುಡ್ಡು ಸೇರಿತು. ರೆಟ್ರೊ ಮಾರುಕಟ್ಟೆ ನಡೆಯುವುದೇ ಹೀಗೆ. ಬಾಲ್ಯದಲ್ಲಿ ಬೇರು ಬಿಟ್ಟದ್ದು ಬೆಲೆಯಾಗಲು ನಲವತ್ತು ಐವತ್ತು ವರ್ಷ ಬೇಕು.

ವಸ್ತುಗಳ ಮೇಲಿನ ಈ ಮೋಹ ಈಗ ಇನ್ನಷ್ಟು ಜೋರಾಗಿದೆ. 2022ರಲ್ಲಿ ಅಮೆರಿಕದಲ್ಲಿ ಸಿಡಿಗಳಿಗಿಂತ ಗ್ರಾಮಫೋನ್ ತಟ್ಟೆಗಳು ಜಾಸ್ತಿ ಮಾರಾಟವಾದವು, 1987ರ ನಂತರ ಮೊದಲ ಸಲ. ಪೋಲರಾಯ್ಡ್ 2008ರಲ್ಲಿ ತಕ್ಷಣದ ಫೋಟೊ ಫಿಲ್ಮ್ ತಯಾರಿಕೆ ನಿಲ್ಲಿಸಿದಾಗ ಕೆಲವು ಅಭಿಮಾನಿಗಳು ನೆದರ್ಲೆಂಡ್ಸ್‌ನ ಎನ್‌ಶೆಡೆಯಲ್ಲಿದ್ದ ಕೊನೆಯ ಕಾರ್ಖಾನೆಯ ಯಂತ್ರಗಳನ್ನೇ ಉಳಿಸಿಕೊಂಡು ಮತ್ತೆ ಶುರು ಮಾಡಿದರು. ಫೋನಿನಲ್ಲಿ ಸಾವಿರಾರು ಫೋಟೊ ಇರುವವರಿಗೆ ಕೈಯಲ್ಲಿ ಹಿಡಿಯುವ ಒಂದೇ ಒಂದು ಪ್ರತಿ ಬೇಕೆನ್ನಿಸುವುದು ನನಗೆ ಪೂರ್ತಿ ಅರ್ಥವಾಗುತ್ತದೆ. ಹರೆಲ್ ಅವರ ಚಿತ್ರಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದೂ ಅದೇ. ಒಂದು ಹಾಳೆ ಫಿಲ್ಮ್, ಒಂದು ಮುಖ, ಅದರ ಮೇಲೆ ಅಷ್ಟು ಜನ ಕೊಟ್ಟ ಅಷ್ಟು ಹೊತ್ತು. ಆ ಕಾಲ ಮರಳಿ ಬರಲಿ ಎಂದು ನಾನು ಬಯಸುವುದಿಲ್ಲ. ಆ ಗಮನ, ಆ ತಾಳ್ಮೆ ಬೇಕು.

ಅದನ್ನು ಮೂಲ ರೂಪದಲ್ಲೇ ನೋಡಬೇಕು ಅನ್ನುವವರಿಗೆ ಒಂದು ಜಾಗ ಇದೆ. ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್‌ನಲ್ಲಿರುವ ಜಾರ್ಜ್ ಈಸ್ಟ್‌ಮನ್ ಮ್ಯೂಸಿಯಂ 2015ರಿಂದ ‘ನೈಟ್ರೇಟ್ ಪಿಕ್ಚರ್ ಶೋ’ ನಡೆಸುತ್ತಿದೆ. ಅಲ್ಲಿ ತೋರಿಸುವುದು ಡಿಜಿಟಲ್ ನಕಲನ್ನಲ್ಲ, ಆ ಕಾಲದಲ್ಲೇ ತಯಾರಾದ, ಬೆಂಕಿಗೆ ಹತ್ತಿರದ ಅದೇ ನೈಟ್ರೇಟ್ ಪ್ರಿಂಟ್‌ಗಳನ್ನು. ಇವನ್ನು ಓಡಿಸಲು ಪ್ರೊಜೆಕ್ಟರ್ ಕೋಣೆಗೆ ವಿಶೇಷ ಬೆಂಕಿ ರಕ್ಷಣೆ ಇರಬೇಕು. ಅಂಥ ಚಿತ್ರಮಂದಿರಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ. ಯಾವ ಚಿತ್ರಗಳು ಎಂಬುದನ್ನು ಉತ್ಸವ ಶುರುವಾಗುವ ದಿನದವರೆಗೂ ಹೇಳುವುದಿಲ್ಲ. ಆದರೂ ಜನ ದೂರದೂರದಿಂದ ಟಿಕೆಟ್ ಮಾಡಿಸಿಕೊಂಡು ಬರುತ್ತಾರೆ.